ಎಫ್-5 ಒತ್ತಿದ ಮೂರು ದಿನ

ಇಲೋಯಿಲೋ ಬಂದರಿನ ಔಷಧ ಗೋದಾಮಿನಲ್ಲಿ ಎರ್ಲಿಂಡಾ ಇಪ್ಪತ್ತಾರು ವರ್ಷ ಒಂದೇ ಕಪ್ಪು ಪರದೆಯ ಮುಂದೆ ಕೂತವಳು. ದ್ವೀಪಗಳ ಆಸ್ಪತ್ರೆಗೆ ಹೋಗುವ ಮದ್ದೆಲ್ಲ ಆ ಪರದೆಯ ಹಸಿರು ಅಕ್ಷರಗಳಲ್ಲಿ ಹಾದೇ ಹೋಗಬೇಕು. ಊರಿನ ಹೆಸರು, ಮದ್ದಿನ ಸಂಖ್ಯೆ, ಎಷ್ಟು ಪೆಟ್ಟಿಗೆ. ಕೊನೆಗೆ ಎಫ್-5 ಒತ್ತಿದರೆ ಆರ್ಡರ್ ಒಳಗೆ ಹೋಗಿ ಮೊದಲಿನ ಪಟ್ಟಿ ತಿರುಗಿ ಬರುತ್ತಿತ್ತು. ಕಣ್ಣು ಕಾಗದದ ಮೇಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ.

ಸೋಮವಾರ ಮನಿಲಾದಿಂದ ಜೆರಿಕ್ ಎಂಬ ತಂತ್ರಜ್ಞ ಬಂದು ಹಳೇ ಯಂತ್ರಗಳನ್ನೆಲ್ಲ ಹೊರಗೆ ಹಾಕಿಸಿದ. ಅದೇ ಹಸಿರು ಪರದೆ ಈಗ ಬ್ರೌಸರ್ ಒಳಗೆ ತೆರೆಯುತ್ತಿತ್ತು.

"ಏನೂ ಬದಲಾಗಿಲ್ಲ ಆತೆ, ಕೀಗಳೆಲ್ಲ ಹಿಂದಿನ ಥರಾನೇ," ಎಂದ. ಆತೆ ಎಂದರೆ ಅಕ್ಕ. ಕಳಿಸಲು ಎಫ್-5 ಎಂದೇ ಬರೆದ ಒಂದು ಹಾಳೆಯನ್ನೂ ಗೋಡೆಗೆ ಅಂಟಿಸಿದ.

ಗುರುವಾರ ಬೆಳಿಗ್ಗೆ ಒಂದು ದ್ವೀಪದ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. "ಮೂರು ದಿನ ಆಯ್ತು, ಇನ್ಸುಲಿನ್ ಎಲ್ಲಿ? ಇಲ್ಲೊಂದು ಹುಡುಗಿಗೆ ಇವತ್ತಿನ ಡೋಸೇ ಕೊನೇದು. ನಿದ್ದೆ ಮಾಡ್ತಿದೀರಾ ನೀವೆಲ್ಲ?"

ಎರ್ಲಿಂಡಾ ಹುಡುಕಿದಳು. ಮೂರು ದಿನದ ಒಂದು ಆರ್ಡರೂ ಇರಲಿಲ್ಲ. ಪೆಟ್ಟಿಗೆ ಕಟ್ಟುವವರು, ಹೊಸ ಯಂತ್ರ ಬಂದಿದೆ, ಕೆಲಸ ನಿಧಾನ ಅಂದುಕೊಂಡು ಸುಮ್ಮನಿದ್ದರು.

ಮ್ಯಾನೇಜರ್ ರೆನಾಟೋ ಒಂದು ಕಾಗದ ತಂದು ಮುಂದಿಟ್ಟ. ತಪ್ಪೆಲ್ಲ ತನ್ನದೇ ಎಂದು ಅವಳು ಒಪ್ಪಿಕೊಳ್ಳುವ ಕಾಗದ. "ಸಹಿ ಹಾಕು. ನಿನಗೂ ವಯಸ್ಸಾಯ್ತು, ಮುಂದಿನ ತಿಂಗಳಿಂದ ಮನೇಲಿರು."

ಹಿಂದೆಯೇ ಬಂದಿದ್ದ ಜೆರಿಕ್ ನಕ್ಕ. "ಆತೆಗೆ ಮೌಸ್ ಮುಟ್ಟೋಕೇ ಭಯ ಸಾರ್."

ಎರ್ಲಿಂಡಾ ಆ ಕಾಗದವನ್ನು ಕೈಗೆತ್ತಿಕೊಂಡಳು. ಕುರ್ಚಿ ಬಿಟ್ಟು ಎದ್ದಳು.

"ಕೂತ್ಕೋ. ನೀನೇ ಕಳಿಸು. ನಿನ್ನ ಹಾಳೇಲಿರೋ ಹಾಗೇ ಒತ್ತು."

ಅವನು ಎರಡೇ ಬೆರಳಲ್ಲಿ ಕುಟ್ಟಿ, ಎಫ್-5 ಒತ್ತಿದ. ಪರದೆ ಒಮ್ಮೆ ಮಿನುಗಿ ಪಟ್ಟಿ ಬಂತು. "ಹೋಯ್ತು, ನೋಡಿ."

"ಹೋಗಿದ್ರೆ ತೆಗೆದು ತೋರಿಸು."

ಹುಡುಕಿದ. ಇನ್ನೊಮ್ಮೆ ಹುಡುಕಿದ. ಇಲ್ಲ. ಬ್ರೌಸರಿನಲ್ಲಿ ಆ ಕೀ ಒತ್ತಿದರೆ ಆರ್ಡರ್ ಹೋಗುವುದಿಲ್ಲ, ಬರೆದದ್ದೆಲ್ಲ ಅಳಿಸಿಹೋಗಿ ಪುಟ ಹೊಸದಾಗಿ ತೆರೆಯುತ್ತದೆ. ಅದು ಜೆರಿಕ್‌ಗೆ ಗೊತ್ತಿದ್ದದ್ದೇ. ಆದರೆ ಆರ್ಡರ್ ಹೇಗೆ ಕಳಿಸುತ್ತಾರೆಂದು ಅವನು ಒಂದು ದಿನವೂ ಇವಳ ಪಕ್ಕ ಕೂತು ನೋಡಿರಲಿಲ್ಲ.

"ಹೋಗ್ಲಿ ಬಿಡು ಎರ್ಲಿಂಡಾ, ಸರಿಮಾಡಿಸೋಣ," ಎಂದು ರೆನಾಟೋ ಕಾಗದಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಏನ್ ಬಿಡೋದು ಸಾರ್? ಮೂರು ದಿನ ಆ ಹುಡುಗಿ ಮದ್ದನ್ನ ನನ್ನ ಕೈಯಿಂದ್ಲೇ ಅಳಿಸೋ ಹಾಗೆ ಮಾಡಿದ್ರಿ. ಈಗ ನನ್ನನ್ನೂ ಅಳಿಸೋಕೆ ಬಂದ್ರಿ."

ಕಾಗದವನ್ನು ಮಗುಚಿ, ಖಾಲಿ ಹಿಂಬದಿಯಲ್ಲಿ ದ್ವೀಪದ ಹೆಸರು, ಇನ್ಸುಲಿನ್, ಪೆಟ್ಟಿಗೆ ಎರಡು ಎಂದು ಒತ್ತಿ ಒತ್ತಿ ಬರೆದಳು. ಕೈಬರಹದ ಚೀಟಿಗೆ ಮ್ಯಾನೇಜರ್ ಸಹಿ ಬೇಕು.

"ನಾಲ್ಕಕ್ಕೆ ದೋಣಿ. ಸಹಿ ನೀವು ಹಾಕಿ."

ರೆನಾಟೋ ಹಾಕಿದ. ಅವಳು ಮಂಜುಗಡ್ಡೆ ತುಂಬಿದ ಇನ್ಸುಲಿನ್ ಪೆಟ್ಟಿಗೆಗಳನ್ನು ತರಿಸಿ ಜೆರಿಕ್‌ನ ಕಾಲ ಬಳಿ ಇಡಿಸಿದಳು.

"ಹೊತ್ಕೊಂಡು ದೋಣಿ ಕಟ್ಟೆಗೆ ಹೋಗು. ಇದಕ್ಕೆ ಮೌಸ್ ಬೇಕಾಗಿಲ್ಲ."

ಅವನು ಹೊರಟ ಮೇಲೆ ಗೋಡೆಯ ಹಾಳೆಯನ್ನು ಹರಿದು, ತನ್ನ ಕುರ್ಚಿಯಲ್ಲಿ ಕೂತಳು. ಮೂರು ದಿನದ ಕಾಗದಗಳನ್ನು ಎದುರಿಗೆಳೆದುಕೊಂಡಳು.

"ಮುಂದಿನ ತಿಂಗಳೂ ಇಲ್ಲೇ ಇರ್ತೀನಿ ಸಾರ್," ಎಂದಳು, ತಲೆ ಎತ್ತದೆ.