ಗೌಸಬಿಯ ಗೋಡೆಯಲ್ಲೊಂದು ತೂತು

ನಾನು ಒಂದು ಲೇತ್. ಕಬ್ಬಿಣದ ತುಂಡನ್ನು ಗರಗರ ತಿರುಗಿಸಿ, ಕೆತ್ತಿ, ಗುಂಡಗೆ ಮಾಡಿಕೊಡುವುದು ನನ್ನ ಕಸುಬು. ಯಾರನ್ನೂ ನಂಬದಿರುವುದು ನನ್ನ ಸ್ವಭಾವ. ಅದಕ್ಕೂ ಕಾರಣವಿದೆ. ಎರಕ ಹೊಯ್ದ ಮೇಲೆ ನನ್ನ ಮೈಯನ್ನು ಕಾರ್ಖಾನೆಯ ಹಿತ್ತಲಲ್ಲಿ ಒಂದು ವರ್ಷ ಮಳೆಬಿಸಿಲಿಗೆ ಬಿಟ್ಟಿದ್ದರು. ಹಾಗೆ ಹದಗೊಂಡರೆ ಮುಂದೆ ಸೊಟ್ಟಗಾಗುವುದಿಲ್ಲವಂತೆ. ನನಗೆ ಯಾರೂ ಹೇಳಲಿಲ್ಲ. ಬಿಸಾಡಿದರು ಅಂತಲೇ ತಿಳಿದಿದ್ದೆ.

ಮೊದಲ ಧಣಿ, ದೊಡ್ಡ ಯಂತ್ರ ಬಂದ ದಿನವೇ ನನ್ನನ್ನು ಹೊರಗಟ್ಟಿದ. ಎರಡನೆಯವನು ಹುಬ್ಬಳ್ಳಿಯ ಮೌನೇಶ ಕಮ್ಮಾರ. ನೀರಿನ ಪಂಪು ರಿಪೇರಿ ಮಾಡುವ ಅವನ ಅಂಗಡಿ ಎಂಟಡಿಗೆ ಆರಡಿ. ಮೂರು ದಿನ ದಾರ ಹಿಡಿದು ನನ್ನನ್ನು ಅಳೆದ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ನನ್ನ ಕಾಲು ಕತ್ತರಿಸುತ್ತಾನೋ ಎಂದು ನನಗೆ ಗುಮಾನಿ. ಕೊನೆಗೆ ಎಡಗೋಡೆಗೆ ಒತ್ತಿ ನಿಲ್ಲಿಸಿ, ಬೋಲ್ಟ್ ಬಿಗಿದು, ಸಿಮೆಂಟು ಮೆತ್ತಿ, ಕುಂಕುಮವಿಟ್ಟ. ಅಳತೆಯೇನೋ ಸರಿಯಾಗಿತ್ತು. ಆದರೆ ಅವನು ಅಳೆದದ್ದು ಸುಮ್ಮನೆ ನಿಂತ ನನ್ನನ್ನು, ದುಡಿಯುವ ನನ್ನನ್ನಲ್ಲ. ಪಂಪಿನ ಉದ್ದ ಸರಳು ನನ್ನ ಹೊಟ್ಟೆಯೊಳಗಿಂದ ತೂರಿ ಎಡಕ್ಕೆ ಎರಡಡಿ ಹೊರಬರಬೇಕು. ಅಲ್ಲಿ ಗೋಡೆ! ಬಲಕ್ಕೆ ಸರಿಸೋಣವೆಂದರೆ ಬಾಗಿಲು ಮುಚ್ಚುವುದಿಲ್ಲ.

ಗಿರಾಕಿಗಳು ಬಂದ ದಾರಿಯಲ್ಲೇ ತಿರುಗಿ ಹೋದರು. ಗುಜರಿಯವನು ಬಂದು ನನ್ನ ಬೆನ್ನು ತಟ್ಟಿ ತೂಕ ಅಂದಾಜು ಮಾಡಿದ. ಗೋಡೆಯಾಚೆ ಗೌಸಬಿಯ ಅಡುಗೆಮನೆ. ನನ್ನ ಸದ್ದಿಗೆ ದಿನಾ ಬೈಯುತ್ತಿದ್ದ ಆಕೆಯೇ ಅವನನ್ನು ಕರೆಸಿರಬೇಕು ಅಂದುಕೊಂಡೆ. ಮರುದಿನ ಆಕೆಯೇ ಅಂಗಡಿಗೆ ಬಂದಾಗ ನನ್ನ ಕತೆ ಮುಗಿಯಿತು ಅನ್ನಿಸಿತು.

"ಗೋಡಿ ನೋಡ್ಕೋತ ಕುಂತ್ರ ಏನಾಗತೈತಿ ತಮ್ಮಾ? ತೂತ ಹೊಡಿ," ಅಂದಳು ಗೌಸಬಿ.

"ಅಕ್ಕಾರ, ಸರಳು ನಿಮ್ಮ ಅಡಗಿಮನ್ಯಾಗ ತಿರಗತೈತ್ರಿ!"

"ತಿರಗಲಿ. ನೀ ಎದ್ದ ಹೋದ್ರ ಈ ಜಾಗಕ್ಕ ಎಂಥಾವರು ಬರ್ತಾರೋ ಯಾರಿಗ್ಗೊತ್ತು? ನನಗ ಯಾರ ಮ್ಯಾಲೂ ನಂಬಿಕಿ ಇಲ್ಲ."

ಥೇಟ್ ನನ್ನ ಹಾಗೆಯೇ! ಜನ್ಮದಲ್ಲಿ ಮೊದಲ ಸಲ ಒಬ್ಬರ ಮೇಲೆ ನನಗೆ ಪ್ರೀತಿ ಹುಟ್ಟಿತು.

ತೂತಾಯಿತು. ತೂತಿನೊಳಗಿಂದ ಆಚೆಬದಿಯವರೆಗೆ ಸರಳಿಗೆ ಮರೆಯಾಗಿ ಕಬ್ಬಿಣದ ಕೊಳವೆಯೊಂದನ್ನು ಕೂರಿಸಿದರು. ಶುರುಮಾಡುವ ಮುಂಚೆ ಮೌನೇಶ ಆ ಕೊಳವೆಗೆ ಎರಡು ಸಲ ಸ್ಪ್ಯಾನರಿನಿಂದ ಬಡಿಯಬೇಕು. ಗೌಸಬಿ ಸೆರಗು ಸರಿಸಿಕೊಂಡು ಸೌಟಿನಿಂದ ತಿರುಗಿ ಬಡಿದರೆ ಮಾತ್ರ ಮೋಟರು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಒಗ್ಗರಣೆಯ ಘಾಟು ನನ್ನ ಹೊಟ್ಟೆಯೊಳಗೆಲ್ಲ ಇಳಿದಿದೆ.

ಈಗ ನನ್ನ ಹಲ್ಲುಗಾಲಿಗಳು ಸವೆದಿವೆ. ಗೌಸಬಿ ತೀರಿಕೊಂಡು ಎರಡು ವರ್ಷವಾಯಿತು, ಆಚೆಮನೆಗೆ ಬೀಗ ಬಿದ್ದಿದೆ. ಮೌನೇಶ ಈಗಲೂ ಎರಡು ಸಲ ಬಡಿಯುತ್ತಾನೆ. ಖಾಲಿ ಮನೆಗೆ ಬಡಿಯುತ್ತಾನಲ್ಲ, ಇವನಿಗೆ ತಲೆ ಕೆಟ್ಟಿತೋ ಎಂದು ಮೊದಮೊದಲು ಅನುಮಾನಪಟ್ಟೆ. ಈಗ ಇಲ್ಲ. ಬಡಿದು, ಸ್ವಿಚ್ಚಿನ ಮೇಲೆ ಕೈಯಿಟ್ಟು, ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತಾನೆ. ನಾನೂ ಕಿವಿಗೊಡುತ್ತೇನೆ.