ಮುಳುಗಿದ ಊರಿನ ದಾರಿ

ಗಲ್ಫಿನ ರೂವಿ ಪಟ್ಟಣದ ಆಫೀಸಿನಲ್ಲಿ ನಾನು ನಕ್ಷೆ ಬರೆಯುವವ. ಹೆಚ್ಚಿನದೆಲ್ಲ ರಸ್ತೆ ಮತ್ತು ವಾದಿ. ವಾದಿ ಅಂದರೆ ಮಳೆ ಬಂದ ದಿನ ಮಾತ್ರ ಹರಿಯುವ ಹೊಳೆ. ಅದಕ್ಕೆ ತುಂಡು ತುಂಡು ಗೆರೆ ಹಾಕುತ್ತೇವೆ.

ಎಂಬತ್ತಾರರಲ್ಲಿ ಇಂಜಿನಿಯರ್ ಆಂಡ್ರ್ಯೂ ಸಾಹೇಬರು ತಮ್ಮ ಊರಿನ ನಕ್ಷೆ ಬರೆದುಕೊಡಲು ಕೇಳಿದರು. ಇಂಗ್ಲೆಂಡಿನ ಆಲ್ಡರ್‌ಕೋಟ್, ಒಂದೇ ಚರ್ಚಿಗೆ ಸೇರಿದ ಇಪ್ಪತ್ತೆಂಟು ಮನೆ, ಒಂದು ಗಿರಣಿ, ಒಂದು ಗುಡ್ಡ. ಎಂಟುನೂರು ವರ್ಷ ಇದ್ದ ಊರು, ಯಾವುದೋ ಪಟ್ಟಣಕ್ಕೆ ಕುಡಿಯುವ ನೀರು ಬೇಕೆಂದು ಕಟ್ಟಿದ ಅಣೆಕಟ್ಟಿನಲ್ಲಿ ಮುಳುಗಿಹೋಗಿತ್ತು.

"ಮುಳುಗಿದ ಊರಿಗೆ ಮ್ಯಾಪ್ ಹಿಡ್ಕೊಂಡು ಯಾರು ಹೋಗ್ಲಿಕ್ಕುಂಟು ಮಾರಾಯ್ರೆ? ಮೀನುಗಳಾ?" ಎಂದ ಚಹಾ ಕೊಡುವ ಮುಹಮ್ಮದ್. ಅವನು ಉಳ್ಳಾಲದವ.

ಹೋಗುವವರು ಸಾಹೇಬರ ಅಕ್ಕ. ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಪ್ರತಿ ಮೇ ತಿಂಗಳು ಪಾದ್ರಿಗಳು ಊರಿನ ಮಕ್ಕಳನ್ನೆಲ್ಲ ಗಡಿಯ ಸುತ್ತ ನಡೆಸಿ, ಮರೆಯದಿರಲೆಂದು ಒಂದೊಂದು ಗಡಿಕಲ್ಲಿಗೂ ಅವರ ತಲೆ ತಾಗಿಸುತ್ತಿದ್ದರಂತೆ. ಆ ದಾರಿಯನ್ನು ಇನ್ನೊಮ್ಮೆ ನೋಡಬೇಕೆಂದು ಅಕ್ಕ ಬರೆದಿದ್ದರು. ಸರಕಾರದ ನಕ್ಷೆಯಲ್ಲಿ ಗಡಿ ಇತ್ತು, ಮಕ್ಕಳು ನಡೆದ ದಾರಿ ಇರಲಿಲ್ಲ. ಗಿರಣಿಯಿಂದ ಗುಡ್ಡದವರೆಗೆ ಹೇಗೆ ಹೋಗುತ್ತಿದ್ದೆವೆಂದು ಸಾಹೇಬರಿಗೇ ಮರೆತಿತ್ತು. ಶುಕ್ರವಾರ ಅವರ ವಿಮಾನ.

ಗುರುವಾರ ಮಧ್ಯಾಹ್ನ ಉಳಿದದ್ದನ್ನೆಲ್ಲ ಶಾಯಿಯಲ್ಲಿ ಮುಗಿಸಿ ಮುಂದಿಟ್ಟೆ. ಅವರ ಬೆರಳು ಗಿರಣಿಯ ಹತ್ತಿರ ನಿಂತಿತು.

"ಪೂವಪ್ಪ, ನಮ್ಮ ಹೊಳೆಯನ್ನು ವಾದಿ ಮಾಡಿದ್ದೀಯಲ್ಲ!"

ನೋಡಿದರೆ ತುಂಡು ಗೆರೆ. ಒಂಬತ್ತು ವರ್ಷದ ಅಭ್ಯಾಸ.

"ತಪ್ಪಾಯ್ತು ಸರ್. ಬ್ಲೇಡಲ್ಲಿ ಕೆರೆದು ತೆಗೀತೇನೆ."

"ಅದು ಬತ್ತಿದ್ದೇ ಇಲ್ಲ. ಮೇ ತಿಂಗಳಲ್ಲೂ ಇಷ್ಟು..." ಎಂದು ಮೊಣಕಾಲು ಮುಟ್ಟಿದರು. ಆಮೇಲೆ ಮೆಲ್ಲಗೆ, "ನೀರಿನಲ್ಲೇ ನಡೆದಿದ್ದೆವು," ಎಂದರು.

ಬೂಟು ಬಿಚ್ಚಿದರು, ಕಣ್ಣು ಮುಚ್ಚಿದರು, ಮೇಜುಗಳ ನಡುವೆ ನಡೆಯತೊಡಗಿದರು. ನಾನು ಪೆನ್ಸಿಲ್ ಹಿಡಿದು ಹಿಂದೆ. ಆಗಿನದು ಹುಡುಗನ ಹೆಜ್ಜೆಯೆಂದು ಅವರ ಒಂದೊಂದು ಹೆಜ್ಜೆಯನ್ನೂ ಅರ್ಧವೆಂದು ಲೆಕ್ಕ ಹಿಡಿದೆ. "ಇಲ್ಲಿ ಪಾಚಿ, ಜಾರುತ್ತದೆ," ಎಂದರು. ನಾನೂ ಜಾಗ್ರತೆಯಾಗಿ ಕಾಲಿಟ್ಟೆ. "ಕೊಂಬೆ," ಎಂದು ಬಗ್ಗಿದರು, ನಾನೂ ಬಗ್ಗಿದೆ. ಏಸಿಯ ಸದ್ದು ಎಲ್ಲೋ ದೂರದಲ್ಲಿ ಹರಿಯುವ ನೀರಿನಂತೆ ಕೇಳುತ್ತಿತ್ತು. ಬೀಗದ ಕೈ ಹಿಡಿದು "ಯಲ್ಲಾ, ಖಲಾಸ್" ಎಂದು ಹೊರಡಿಸಲು ಬಂದ ಮುಹಮ್ಮದ್, ನಮ್ಮನ್ನು ಕಂಡು ಪ್ಯಾಂಟಿನ ತುದಿ ಎತ್ತಿಕೊಂಡು ಬದಿಗೆ ಸರಿದ.

ಕಿಟಕಿಯ ಹತ್ತಿರ ಅವರು ನಿಂತರು. "ಇಲ್ಲಿ ದಡ ಹತ್ತಿದೆವು. ಅಕ್ಕ ಲಂಗ ಹಿಂಡಿದಳು."

ಗೆರೆ ಎಳೆದೆ. ಆದರೆ ಅಕ್ಕನ ಮಂಜಾದ ಕಣ್ಣಿಗೆ ಈ ಸಣ್ಣ ಗೆರೆ ಕಂಡೀತೇ? ಮುಹಮ್ಮದ್‌ನಿಂದ ಗುಂಡಿ ಹೊಲಿಯುವ ನೂಲು ತರಿಸಿ, ದಾರಿಯುದ್ದಕ್ಕೂ ಗೋಂದು ಹಚ್ಚಿ ಅಂಟಿಸಿದೆ.

ಒಣಗಿದ ಮೇಲೆ ಸಾಹೇಬರು ಕಣ್ಣು ಮುಚ್ಚಿಯೇ ನೂಲಿನ ಮೇಲೆ ಬೆರಳಾಡಿಸಿದರು. ಗಿರಣಿ ದಾಟಿ ಬೆರಳು ಹೊಳೆಗಿಳಿಯಿತು. ಅಲ್ಲಿ ತುಂಬ ನಿಧಾನವಾಯಿತು.