ಆಟಿಯ ಕಷಾಯ ಮತ್ತು ಹೊಸ ಕೈ

ಕರಾವಳಿಯವರ ಆಟಿ ಅಮಾವಾಸ್ಯೆ, ಆಷಾಢದ ಕೊನೆಯ ದಿನ, ಬಂತೆಂದರೆ ಜಯಕರನಿಗೆ ಅಮ್ಮನ ನೆನಪು. ನಸುಕಿನಲ್ಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಕಾಯಿಸಿದ ಬೆಣಚುಕಲ್ಲನ್ನು ಆ ರಸಕ್ಕೆ ಹಾಕುತ್ತಿದ್ದಳು. ಚುಂಯ್ ಎಂಬ ಆ ಸದ್ದಿಗೇ ಮನೆಯವರೆಲ್ಲ ಏಳುತ್ತಿದ್ದರು. "ಕುಡಿ ಮಗಾ, ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲ."

ಊರಿನಿಂದ ದೂರ, ಅವನು ಹೋಟೆಲು ಇಟ್ಟಿದ್ದ ದೇವಳಾಲಿ ಸೇನಾ ಕ್ಯಾಂಪಿನ ರಸ್ತೆ ಬದಿಯಲ್ಲೂ ಒಂದು ಹಾಲೆ ಮರವಿತ್ತು. ಆ ವರ್ಷ ಜಯಕರ ತಾನೇ ತೊಗಟೆ ತಂದ, ಹೊಸ ಬಲಗೈಯಿಂದ. ಹೋಟೆಲಿನ ಗ್ರೈಂಡರಿಗೆ ಸಿಕ್ಕಿ ಹೋದ ಕೈಯ ಜಾಗಕ್ಕೆ, ತೀರಿಕೊಂಡ ಯಾರದೋ ಮಗನ ಕೈಯನ್ನು ವೈದ್ಯರು ಜೋಡಿಸಿದ್ದರು. ಅದೀಗ ದೋಸೆ ಮಗುಚಲು ಕಲಿತಿತ್ತು.

ಕಷಾಯ ಕುಡಿದವನು, ಹೊಸ ಕೈಗೆಂದು ವೈದ್ಯರು ದಿನಾ ನುಂಗಲು ಕೊಟ್ಟಿದ್ದ ಗುಳಿಗೆಯ ಡಬ್ಬಿಯನ್ನು ಸರಿಸಿಟ್ಟ. ಅಮ್ಮನ ಮದ್ದಿನ ಮೇಲೆ ಇನ್ನೊಂದು ಮದ್ದು ಯಾಕೆ? ಮರುದಿನವೂ ಗುಳಿಗೆ ಮುಟ್ಟಲಿಲ್ಲ, ಆಮೇಲೂ ಇಲ್ಲ.

"ಇದೆಂತದು, ಕೈಯೆಲ್ಲ ಕೆಂಪು ಕೆಂಪು? ಊದಿದೆಯಲ್ಲ!" ಒಂದು ಬೆಳಿಗ್ಗೆ ಹೆಂಡತಿ ಮನೋರಮಾ ಹೆದರಿದಳು.

"ಕಾವಲಿಯ ಬಿಸಿ, ಮಾರಾಯ್ತಿ."

ಅವಳು ನಂಬಲಿಲ್ಲ. ಪಕ್ಕದ ಮನೆಯ ಜ್ಯೋತ್ಸ್ನಾಳನ್ನು ಕರೆತಂದಳು. ಧಾರವಾಡದ ಕಡೆಯ ನರ್ಸ್ ಆಕೆ.

"ಗುಳಿಗಿ ತಗೊಂಡೀರಿಲ್ಲೋ, ಅಣ್ಣಾರ?"

"ಅಮ್ಮನ ಕಷಾಯ ಕುಡಿದಿದ್ದೆನಲ್ಲ, ಮತ್ತೆ ಗುಳಿಗೆ ಯಾಕೆ?" ಎಂದ ಜಯಕರ. ಮನೋರಮಾ ಡಬ್ಬಿ ತೆರೆದು ತೋರಿಸಿದಳು. ತುಂಬಿಯೇ ಇತ್ತು.

"ಕ್ಯಾಂಪಿನ ಗೇಟಿನ್ಯಾಗ ಜವಾನ ಇರ್ತಾನಲ್ರಿ, ಹೊರಗಿನವರನ್ನ ಬಿಡ್ತಾನೇನು?" ಜ್ಯೋತ್ಸ್ನಾ ಕೇಳಿದಳು.

"ದಿನಾ ಇಡ್ಲಿ ಕೊಡುವ ನನ್ನನ್ನೇ ಬಿಡುವುದಿಲ್ಲ!"

"ಮೈಯೊಳಗೂ ಹಂಗ ಕಾವಲುಗಾರರು ಅದಾರ. ಅವರಿಗೆ ಈ ಕೈ ಹೊರಗಿಂದು. ಹೊಡಿಯಾಕ ಬರ್ತಾರ. ಗುಳಿಗಿ ಅವರನ್ನ ತಣ್ಣಗ ಇಡ್ತೈತಿ. ನೀವು ಬಿಟ್ರಿ, ಅವರು ಎದ್ರು."

"ಇಷ್ಟು ಸಮಯ ಆಯ್ತು. ಅವರಿಗೆ ಇನ್ನೂ ಈ ಕೈಯ ಗುರುತು ಆಗಲಿಲ್ಲವಾ?"

"ಜೀವ ಇರೂತನಕ ಗುಳಿಗಿ ಬೇಕ್ರಿ. ಅದರಾಗ ಶಕ್ತಿ ಹೆಚ್ಚಾಗಲಿ ಅಂತ ಕಷಾಯ ಬ್ಯಾರೆ! ಅದು ಕಾವಲುಗಾರರನ್ನ ಎಬ್ಬಿಸಬಹುದು, ಗುಳಿಗಿ ಕೆಲಸಾನೂ ಕೆಡಿಸಬಹುದು."

"ಹಾಗಾದರೆ ಅಮ್ಮನ ಕಷಾಯ ವಿಷವಾ?"

"ಅಮ್ಮಗ ಈ ಕೈ ಗೊತ್ತಿತ್ತೇನ್ರಿ? ಏಳ್ರಿ, ಆಸ್ಪತ್ರೆಗೆ ಹೋಗೂಣು. ತಡ ಆದ್ರ ಕೈ ಉಳಿಯೂದಿಲ್ಲ."

ಜಯಕರ ಗುಳಿಗೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ.

ಚಿಕಿತ್ಸೆ ಫಲಿಸಿತು. ಕೆಂಪು ನಿಧಾನವಾಗಿ ಇಳಿಯಿತು, ಕೈ ಉಳಿಯಿತು.

ಮರುವರ್ಷದ ಆಟಿಗೆ ಜಯಕರ ಹಾಲೆ ಮರದ ತನಕ ಹೋಗಿ, ತೊಗಟೆಯನ್ನು ಬರಿದೇ ಸವರಿ ಬಂದ. ಅಡುಗೆಮನೆಯಿಂದ ಚುಂಯ್ ಎಂಬ ಸದ್ದು ಕೇಳಿ ಬಾಗಿಲಲ್ಲೇ ನಿಂತ. ಮನೋರಮಾ ಬರಿಯ ನೀರಿಗೆ ಬೆಣಚುಕಲ್ಲು ಹಾಕಿದ್ದಳು. ಪಕ್ಕದಲ್ಲಿ ಗುಳಿಗೆಯಿತ್ತು.

"ತಣಿದ ಮೇಲೆ ಇದರಲ್ಲೇ ನುಂಗಿ."

ಓದುವವರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕೈ, ಮೂತ್ರಪಿಂಡ, ಬೇರೆ ಯಾವುದೇ ಅಂಗ ಕಸಿ ಮಾಡಿಸಿಕೊಂಡವರಿದ್ದಾರೆಯೇ? ಗುಳಿಗೆ ತಪ್ಪದಂತೆ ನೋಡಿಕೊಳ್ಳಿ. ಕಷಾಯವಾಗಲಿ, ಲೇಹ್ಯವಾಗಲಿ, ವೈದ್ಯರನ್ನು ಕೇಳದೆ ಕೊಡಬೇಡಿ. ಕೆಂಪು, ಊತ, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಯಾರೋ ತಾಯಿ ಅಳುತ್ತಲೇ ಕೊಟ್ಟ ಅಂಗವದು. ಜತನವಾಗಿರಲಿ.